ಒಂದೇ ನಂಬರಿನ ಎರಡು ಟೇಪು

೧೯೮೭ರ ಜುಲೈ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಎಂಟೂವರೆ. ಪೀಣ್ಯ ಎರಡನೇ ಹಂತದಲ್ಲಿ ಯಂತ್ರಭಾಗ ತಯಾರಿಸುವ ಕಾರ್ಖಾನೆಯೊಂದರ ಕಂಪ್ಯೂಟರ್ ಕೋಣೆ. ಹಾಜರಿದ್ದವರು ಮೂವರು: ಕೋಣೆಯ ಉಸ್ತುವಾರಿಯಾದ ನಾನು, ನನ್ನ ಕೈಕೆಳಗಿನ ಪ್ರೋಗ್ರಾಮರ್, ಮತ್ತು ಬಾಗಿಲ ಹೊರಗೆ ಬೂಟು ಬಿಚ್ಚಿಟ್ಟು ಒಳಗೆ ಬರಲೋ ಬೇಡವೋ ಎಂದು ನಿಂತಿದ್ದ ಮಿಲ್ಲಿಂಗ್ ವಿಭಾಗದ ಒಬ್ಬ ಆಪರೇಟರ್.

ಶನಿವಾರ ಎರಡನೇ ಪಾಳಿಯಲ್ಲಿ ಆತನ ಯಂತ್ರ ಕೆಟ್ಟಿತ್ತು. ಎರಕದ ತುಂಡಿನ ಮೇಲ್ಮೈಯನ್ನು ಅಡ್ಡಡ್ಡ ಹೆರೆಯಬೇಕಾದ ಕಟರ್, ತೂತು ಕೊರೆಯುವ ಹಾಗೆ ನೇರವಾಗಿ ಕೆಳಗಿಳಿದಿತ್ತು. ಕಟರನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ಬಾಗಿಹೋಗಿತ್ತು. ಈ ಯಂತ್ರಗಳು ಕಾಗದದ ಟೇಪಿನ ತೂತುಗಳನ್ನು ಓದಿಕೊಂಡು ನಡೆಯುತ್ತಿದ್ದವು. ಹಾಗಾಗಿ ವರ್ಕ್ಸ್ ಮ್ಯಾನೇಜರ್ ಭಾನುವಾರವೇ ತೀರ್ಮಾನಕ್ಕೆ ಬಂದಿದ್ದರು: ಆಪರೇಟರ್ ತಪ್ಪು ಟೇಪು ಹಾಕಿದ್ದಾನೆ. ಆತ ಪ್ರೊಬೇಷನ್ ಮೇಲಿದ್ದ, ತಿಂಗಳ ಕೊನೆಗೆ ಖಾಯಂ ಆಗಬೇಕಿತ್ತು. ಈಗ ಮಧ್ಯಾಹ್ನ ಮೂರು ಗಂಟೆಗೆ ಅವನನ್ನು ಕೆಲಸದಿಂದ ತೆಗೆಯುವ ಆದೇಶಕ್ಕೆ ಸಹಿ ಆಗಲಿದೆ ಎಂದು ಗೇಟಿನಲ್ಲೇ ತಿಳಿಸಿದ್ದರು.

"ಬಾರಪ್ಪ ಒಳಗೆ. ಏನು?" ಎಂದೆ.

"ಮೇಡಂ, ನಾನು ಚೀಟಿ ನೋಡೇ ಟೇಪ್ ಆಕಿದ್ದು. ನಿಮ್ ಕಂಪ್ಯೂಟರ್‌ನಾಗೆ ಒಂದ್ಸಲ ನೋಡ್ರಿ. ಟೇಪ್ ಯಾರೂ ನೋಡ್ತಾ ಇಲ್ಲ, ಎಲ್ರೂ ನನ್ ಮುಖಾನೇ ನೋಡ್ತಾವ್ರೆ."

"ಟೇಪ್ ಎಲ್ಲಿದೆ?"

"ಮಿಷನ್ನಾಗೇ ಐತೆ. ಯಾರೂ ಮುಟ್ಟಬಾರದು ಅಂದವ್ರೆ."

ಆತ ಚಿಕ್ಕಬಾಣಾವರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದವನು. ವಯಸ್ಸು ಮೂವತ್ತರ ಹತ್ತಿರ. ಪೀಣ್ಯದ ಬೇರೆ ಬೇರೆ ಶೆಡ್ಡುಗಳಲ್ಲಿ ಟೆಂಪರರಿ ಆಗಿ ದುಡಿದು, ಖಾಯಂ ಮಾಡುವ ಹೊತ್ತಿಗೆ ಸರಿಯಾಗಿ ಹೊರಹಾಕಿಸಿಕೊಂಡು, ಕೊನೆಗೆ ಇಲ್ಲಿ ನೆಲೆ ಕಾಣುವವನಿದ್ದ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನಾನೂ ಆತನನ್ನು ನಂಬಿರಲಿಲ್ಲ. ಆದರೆ ನಾನು ಕಲಿತದ್ದು ಪಂಚ್ ಕಾರ್ಡುಗಳ ಕಾಲದಲ್ಲಿ, ಬಹಳ ಕಟ್ಟುನಿಟ್ಟಿನ ಒಂದು ಕಾರ್ಡ್ ರೂಮಿನಲ್ಲಿ. ಅಲ್ಲಿ ಒಬ್ಬರು ಪಂಚ್ ಮಾಡಿದ ಕಾರ್ಡನ್ನು ಇನ್ನೊಬ್ಬರು ಮತ್ತೆ ಟೈಪ್ ಮಾಡಿ ತಾಳೆ ನೋಡದೆ ಹೊರಗೆ ಕಳಿಸುವಂತಿರಲಿಲ್ಲ. ನಂಬುವುದು ಬಿಡುವುದು ಆಮೇಲಿನ ಮಾತು, ಮೊದಲು ತಾಳೆ ನೋಡಬೇಕು. ನಾನೇ ಯಂತ್ರಗಳಿದ್ದ ಶಾಪಿಗೆ ಹೋಗಿ, ಸೂಪರ್‌ವೈಸರ್ ಎದುರಿಗೇ ಆ ಟೇಪನ್ನು ಬಿಚ್ಚಿಕೊಂಡು ಬಂದೆ.

ಟೇಪಿನ ಮೇಲಿದ್ದ ಚೀಟಿ ಸರಿಯಾಗಿತ್ತು. ಮಿಲ್ಲಿಂಗ್, ಡ್ರಾಯಿಂಗ್ ನಂಬರ್ ೨೦೪೧೭. ಅಂದರೆ ಆತ ಓದಿದ್ದರಲ್ಲಿ ತಪ್ಪಿಲ್ಲ. ಟೇಪನ್ನು ರೀಡರಿಗೆ ಹಾಕಿ ಮತ್ತೆ ಕಂಪ್ಯೂಟರಿಗೆ ಓದಿಸಿದೆ. ಬಂದದ್ದನ್ನು ಪ್ರಿಂಟ್ ತೆಗೆದು, ಮಿಲ್ಲಿಂಗ್ ಪ್ರೋಗ್ರಾಮಿನ ಮೂಲದ ಪಕ್ಕದಲ್ಲಿಟ್ಟು ಸಾಲು ಸಾಲು ಹೋಲಿಸಿದೆ. ಮೂರನೇ ಸಾಲಿನಿಂದಲೇ ಬೇರೆ. ಟೇಪಿನಲ್ಲಿದ್ದದ್ದು ಡ್ರಿಲ್ಲಿಂಗ್ ವಿಭಾಗದ ಪ್ರೋಗ್ರಾಂ.

"ಚೀಟಿ ಅದಲು ಬದಲು ಆಗಿರುತ್ತೆ ಮೇಡಂ," ಎಂದರು ಪ್ರೋಗ್ರಾಮರ್. "ಅಂಟಿಸುವಾಗ ಇದರದ್ದು ಅದಕ್ಕೆ, ಅದರದ್ದು ಇದಕ್ಕೆ."

ಸಾಧ್ಯವಿತ್ತು. ಹಾಗಾಗಿದ್ದರೆ ಡ್ರಿಲ್ಲಿಂಗ್ ಚೀಟಿಯ ಟೇಪಿನಲ್ಲಿ ಮಿಲ್ಲಿಂಗ್ ಪ್ರೋಗ್ರಾಂ ಇರಬೇಕು. ಡ್ರಿಲ್ಲಿಂಗ್ ವಿಭಾಗದಿಂದ ಶನಿವಾರದ ಆ ಟೇಪನ್ನೂ ತರಿಸಿ ಓದಿಸಿದೆ. ಅದರಲ್ಲೂ ಡ್ರಿಲ್ಲಿಂಗೇ. ಎರಡು ಚೀಟಿ, ಎರಡು ಟೇಪು, ಒಳಗಿನದು ಮಾತ್ರ ಒಂದೇ. ಮಿಲ್ಲಿಂಗ್ ಪ್ರೋಗ್ರಾಂ ಎಲ್ಲಿಯೂ ಪಂಚ್ ಆಗಿರಲೇ ಇಲ್ಲ.

ತಪ್ಪು ಶಾಪಿನಲ್ಲಿ ಆದದ್ದಲ್ಲ, ಈ ಕೋಣೆಯಿಂದ ಹೊರಟದ್ದು ಎಂಬುದು ಆಗ ಖಚಿತವಾಯಿತು. ಹೇಗೆ ಎಂಬುದು ಗೊತ್ತಿರಲಿಲ್ಲ. ಆಪರೇಟರನ್ನು ಕ್ಯಾಂಟೀನಿನಲ್ಲಿ ಕಾಯಲು ಹೇಳಿ, ಪ್ರೋಗ್ರಾಮರ್ ಕಡೆ ತಿರುಗಿದೆ.

"ಹೊಸ ಸ್ಕ್ರಿಪ್ಟ್ ತೋರಿಸಿ."

ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಕಾರ್ಖಾನೆಯಲ್ಲಿ ಡ್ರಾಯಿಂಗ್ ನಂಬರೇ ಎಲ್ಲಕ್ಕೂ ಹೆಸರು. ಒಂದು ಭಾಗಕ್ಕೆ ಸಂಬಂಧಿಸಿದ ಏನೇ ಇರಲಿ, ಅದರ ಮೇಲೆ ಡ್ರಾಯಿಂಗ್ ನಂಬರ್ ಇರಬೇಕು, ಬೇರೆ ಹೆಸರು ಇರಬಾರದು ಎಂದು ತಪಾಸಣಾ ವಿಭಾಗದ ಕಟ್ಟಪ್ಪಣೆ. ಹಾಗಾಗಿ ಲೇಥ್, ಮಿಲ್ಲಿಂಗ್, ಡ್ರಿಲ್ಲಿಂಗ್ ಮೂರೂ ವಿಭಾಗದವರು ತಮ್ಮ ತಮ್ಮ ಪ್ರೋಗ್ರಾಮಿಗೆ ಅದೇ ಹೆಸರು ಇಡುತ್ತಿದ್ದರು. ಕಂಪ್ಯೂಟರಿನಲ್ಲಿ ಪ್ರತಿ ವಿಭಾಗಕ್ಕೂ ಬೇರೆ ಡೈರೆಕ್ಟರಿ, ಅಂದರೆ ಫೈಲುಗಳನ್ನಿಡುವ ಬೇರೆ ಖಾನೆ, ಇದ್ದುದರಿಂದ ತೊಂದರೆ ಇರಲಿಲ್ಲ. ಫೈಲಿನ ಪೂರ್ತಿ ಹಾದಿ (ಪಾತ್) ಬರೆದರೆ ಹೀಗಿರುತ್ತಿತ್ತು (ಯಂತ್ರದಲ್ಲಿ ಇದು ಇಂಗ್ಲಿಷಿನಲ್ಲಿತ್ತು, ಓದುವ ಅನುಕೂಲಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದೇನೆ):

/ಶಾಪ್/ಮಿಲ್ಲಿಂಗ್/೨೦೪೧೭
/ಶಾಪ್/ಡ್ರಿಲ್ಲಿಂಗ್/೨೦೪೧೭

ಹಿಂದೆ ನಾವು ಒಂದೊಂದು ಟೇಪಿಗೂ ಬೇರೆ ಬೇರೆಯಾಗಿ ಆಜ್ಞೆ ಕೊಟ್ಟು ಪಂಚ್ ಮಾಡಿ, ತುದಿಗೆ ವಿಭಾಗದ ಬಣ್ಣದ ಕಾಗದ ಅಂಟಿಸುತ್ತಿದ್ದೆವು. ಮಿಲ್ಲಿಂಗಿಗೆ ಹಸಿರು, ಡ್ರಿಲ್ಲಿಂಗಿಗೆ ಕೆಂಪು. ಅದು ನಿಧಾನ ಎಂದು ಮ್ಯಾನೇಜರ್ ಗೊಣಗುತ್ತಿದ್ದರು. ಕಳೆದ ವಾರ ಪ್ರೋಗ್ರಾಮರ್ ಹೊಸದಾಗಿ ಒಂದು ಸ್ಕ್ರಿಪ್ಟ್ ಬರೆದರು, ಬಣ್ಣದ ಕಾಗದವನ್ನೂ ಕೈಬಿಟ್ಟೆವು. ಸ್ಕ್ರಿಪ್ಟ್ ಎಂದರೆ ನಾವು ಒಂದೊಂದಾಗಿ ಕೊಡುವ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟು, ಯಂತ್ರವೇ ನಡೆಸಿಕೊಂಡು ಹೋಗುವಂತೆ ಮಾಡುವುದು. ದಿನಕ್ಕೆ ಬೇಕಾದ ಫೈಲುಗಳ ಪೂರ್ತಿ ಹಾದಿಗಳನ್ನು ಅದಕ್ಕೆ ಕೊಟ್ಟರೆ ಸಾಕು. ಪಂಚ್ ಮಾಡುವ ಹಳೆಯ ಪ್ರೋಗ್ರಾಮಿಗೆ ಉದ್ದದ ಹಾದಿ ಅರ್ಥವಾಗುತ್ತಿರಲಿಲ್ಲ, ಬರಿಯ ಹೆಸರು ಬೇಕಿತ್ತು. ಅದಕ್ಕಾಗಿ ಸ್ಕ್ರಿಪ್ಟು 'ಬೇಸ್‌ನೇಮ್' ಎಂಬ ಆಜ್ಞೆಯಿಂದ ಹಾದಿಯನ್ನೆಲ್ಲ ಕಳಚಿ ಕೊನೆಯ ಹೆಸರನ್ನು ಮಾತ್ರ ಉಳಿಸಿಕೊಳ್ಳುತ್ತಿತ್ತು. ಆ ಹೆಸರಿನಲ್ಲಿ ಎಲ್ಲ ಫೈಲುಗಳನ್ನೂ 'ರವಾನೆ' ಎಂಬ ಒಂದೇ ಡೈರೆಕ್ಟರಿಗೆ ನಕಲು ಮಾಡಿ, ಆಮೇಲೆ ಒಂದಾದ ಮೇಲೊಂದು ಪಂಚ್ ಮಾಡಿ, ಕೊನೆಗೆ ನಕಲುಗಳನ್ನು ಅಳಿಸುತ್ತಿತ್ತು.

"ಬೇಸ್‌ನೇಮ್ ಸರಿಯಾಗೇ ಕೆಲ್ಸ ಮಾಡ್ತಿದೆ ಮೇಡಂ," ಎಂದರು ಪ್ರೋಗ್ರಾಮರ್. "ಕೊಟ್ಟಿದ್ದು ಪಾತ್, ಬಂದಿದ್ದು ಹೆಸರು. ಇಡೀ ವಾರ ಓಡಿದೆ, ಒಂದು ಕಂಪ್ಲೇಂಟ್ ಇಲ್ಲ."

"ಇಡೀ ವಾರದಲ್ಲಿ ಒಂದೇ ನಂಬರು ಎರಡು ವಿಭಾಗಕ್ಕೆ ಒಂದೇ ದಿನ ಹೋಗಿತ್ತಾ?"

ಶನಿವಾರದವರೆಗೆ ಹೋಗಿರಲಿಲ್ಲ. ಸಾಮಾನ್ಯವಾಗಿ ಒಂದು ಭಾಗ ಮಿಲ್ಲಿಂಗ್ ಮುಗಿಸಿ, ತಪಾಸಣೆಯಾಗಿ, ಡ್ರಿಲ್ಲಿಂಗಿಗೆ ಹೋಗಲು ಕೆಲವು ದಿನ ಬೇಕು. ಶನಿವಾರ ಮಾತ್ರ ತುರ್ತು ಆರ್ಡರ್ ಎಂದು ಎರಡೂ ವಿಭಾಗದಲ್ಲಿ ಒಟ್ಟಿಗೆ ಕೆಲಸ ಹಚ್ಚಿದ್ದರು. ಮೊದಲು ಮಿಲ್ಲಿಂಗಿನ ೨೦೪೧೭ 'ರವಾನೆ'ಗೆ ಬಂದು ಕೂತಿತು. ಹಿಂದೆಯೇ ಡ್ರಿಲ್ಲಿಂಗಿನ ೨೦೪೧೭ ಬಂದು ಅದನ್ನು ಅಳಿಸಿ ಅದೇ ಜಾಗದಲ್ಲಿ ಕೂತಿತು. ಪಂಚ್ ಮಾಡುವಾಗ ಎರಡು ಸರದಿಗೂ ಸಿಕ್ಕಿದ್ದು ಡ್ರಿಲ್ಲಿಂಗಿನದೇ. ಚೀಟಿ ಮಾತ್ರ ನಾವು ಕೈಯಲ್ಲಿ ಸರಿಯಾಗಿ ಬರೆದು ಅಂಟಿಸಿದೆವು.

ಪ್ರೋಗ್ರಾಮರ್ ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿ ಬಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಮೇಡಂ, ನಕಲು ಅಳಿಸಿ ಹೋಗಿದೆ. ನಾವು ಸುಮ್ನೆ ಸರಿ ಮಾಡ್ಬಿಟ್ರೆ ಸಾಕಲ್ವಾ? ಯಾರಿಗೂ ಗೊತ್ತಾಗಲ್ಲ," ಎಂದರು.

"ಕ್ಯಾಂಟೀನಲ್ಲಿ ಕೂತಿದಾನಲ್ಲ, ಅವನಿಗೆ ಗೊತ್ತು."

ಪ್ರೋಗ್ರಾಮರ್ ಕೆಟ್ಟವರಲ್ಲ, ಹೆದರಿದ್ದರು.

ಆಗ ಇನ್ನೊಂದು ಯೋಚನೆ ಬಂತು. ಅಂದಿನ ಬೆಳಗಿನ ಟೇಪುಗಳೂ ಇದೇ ಸ್ಕ್ರಿಪ್ಟಿನಿಂದ ಹೊರಟು ಶಾಪು ಸೇರಿದ್ದವು. ಅವುಗಳಲ್ಲಿ ಇನ್ನೊಂದು ಇಂಥ ಜೋಡಿ ಇದ್ದರೆ? ಸ್ಕ್ರಿಪ್ಟಿಗೆ ಕೊಟ್ಟ ಹಾದಿಗಳ ಪಟ್ಟಿ ಕೆಲಸ ಮುಗಿದೊಡನೆ ಅಳಿಸಿಹೋಗುತ್ತಿತ್ತು, ಹಾಗಾಗಿ ಯೋಜನಾ ವಿಭಾಗಕ್ಕೆ ಫೋನ್ ಮಾಡಿ ಅಂದಿನ ಕೆಲಸ ಕೇಳಿದೆ. ತುರ್ತು ಕೆಲಸಗಳನ್ನು ಬೆಳಿಗ್ಗೆಯೇ ಕೈಯಿಂದ ಸೇರಿಸಿದ್ದೇವೆ, ನೋಡಿ ಹೇಳಲು ಹೊತ್ತಾಗುತ್ತದೆ ಎಂದರು. ಮ್ಯಾನೇಜರ್ ಹೊರಗೆ ಹೋಗಿದ್ದರು, ಬರುವುದು ಮಧ್ಯಾಹ್ನ. ಕಾಯಬಹುದಿತ್ತು. ಯಂತ್ರಗಳನ್ನು ನಿಲ್ಲಿಸುವ ಅಧಿಕಾರ ನನಗೆ ಇರಲಿಲ್ಲ.

ನಾನು ಶಾಪಿಗೆ ಇಳಿದು, ಸೂಪರ್‌ವೈಸರಿಗೆ ಹೇಳಿ, ಟೇಪಿನಿಂದ ಓಡುವ ಯಂತ್ರಗಳನ್ನೆಲ್ಲ ನಿಲ್ಲಿಸಿದೆ. ಪ್ರತಿ ಯಂತ್ರದಿಂದ ಟೇಪು ಬಿಚ್ಚಿಸಿ, ಎರಡು ಬುಟ್ಟಿಗಳಲ್ಲಿ ತುಂಬಿಕೊಂಡು ಬಂದೆ. ಲೇಥಿನ ಹಿರಿಯ ಆಪರೇಟರ್ ಒಬ್ಬರು ಕೈ ಒರೆಸಿಕೊಳ್ಳುತ್ತ, "ಏನ್ ಮೇಡಂ, ಹಾವು ಹಿಡಿಯೋಳ ಥರ ಬುಟ್ಟಿ ಹೊತ್ಕೊಂಡ್ ಬಂದ್ಬಿಟ್ರಿ?" ಎಂದರು. ಸುತ್ತ ಇದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಒಂದೊಂದು ಟೇಪನ್ನೂ ಓದಿಸಿ ಮೂಲಕ್ಕೆ ತಾಳೆ ನೋಡುವ ಕೆಲಸ ಶುರುವಾಯಿತು. ಪ್ರೋಗ್ರಾಮರ್ ಓದಿಸುತ್ತಿದ್ದರು, ನಾನು ಹೋಲಿಸುತ್ತಿದ್ದೆ. ನಡುವೆ ಕರೆಂಟು ಹೋಯಿತು. ಜನರೇಟರ್ ನಮ್ಮ ಕೋಣೆಗೂ ಆಫೀಸಿಗೂ ಮಾತ್ರ ಸಾಲುತ್ತಿತ್ತು, ಶಾಪಿಗಲ್ಲ. ಅಂದರೆ ಆ ಹೊತ್ತು ಯಂತ್ರಗಳು ನಾನು ಹೇಳದಿದ್ದರೂ ನಿಲ್ಲುತ್ತಿದ್ದವು. ಇದು ಆಮೇಲೆ ಯಾರ ಲೆಕ್ಕಕ್ಕೂ ಬರಲಿಲ್ಲ.

ಕೊನೆಯ ಟೇಪು ಮುಗಿಯುವ ಹೊತ್ತಿಗೆ ಊಟದ ಬೆಲ್ ಆಗಿತ್ತು. ಫಲಿತಾಂಶ: ಒಂದೂ ತಪ್ಪಿಲ್ಲ. ಅಂದಿನ ಕೆಲಸದಲ್ಲಿ ಜೋಡಿ ನಂಬರು ಇರಲೇ ಇಲ್ಲ. ಅಷ್ಟು ಹೊತ್ತಿಗೆ ಮ್ಯಾನೇಜರ್ ಬಂದರು. ಅವರು ಬಾಗಿಲಲ್ಲೇ ನಿಂತು ಮಾತಾಡಿದರು.

"ಯಾರನ್ನ ಕೇಳಿ ಶಾಪ್ ನಿಲ್ಸಿದ್ರಿ ಮೇಡಂ?"

"ಕೇಳೋಕೆ ನೀವು ಇರಲಿಲ್ಲ ಸಾರ್."

"ಎಷ್ಟು ತಪ್ಪು ಸಿಕ್ತು?"

"ಒಂದೂ ಇಲ್ಲ."

"ನೋಡಿ, ಕಂಪ್ಯೂಟರ್ ತಂದಿದ್ದು ಕೆಲ್ಸ ಬೇಗ ಆಗ್ಲಿ ಅಂತ. ಶಾಪ್ ನಿಲ್ಸೋಕೆ ಕರೆಂಟ್‌ನೋರೇ ಸಾಕಿದ್ರು. ನೀವು ಬೇರೆ ಬೇಕಿರಲಿಲ್ಲ."

ಟೇಪುಗಳನ್ನು ಶಾಪಿಗೆ ಹಿಂದಿರುಗಿಸಲು ಹೇಳಿ, ಶನಿವಾರದ ವಿಷಯ ತೋರಿಸಬೇಕು, ಕುಳಿತುಕೊಳ್ಳಿ ಎಂದೆ. ಕುಳಿತರು. ಕ್ಯಾಂಟೀನಿನಿಂದ ಆಪರೇಟರನ್ನೂ ಕರೆಸಿದೆ. ಆತನ ಎದುರಿಗೆ ಬೇಡ ಎಂದರು ಮ್ಯಾನೇಜರ್. ಆತನ ಕೆಲಸದ ಮಾತು, ಇರಲಿ ಸಾರ್ ಎಂದೆ.

ಪಾತ್, ಡೈರೆಕ್ಟರಿ ಎಂದೆಲ್ಲ ಶುರು ಮಾಡಿದರೆ ಅವರ ಗಮನ ಗಡಿಯಾರದ ಕಡೆ ಹೋಗುತ್ತಿತ್ತು. ಅದಕ್ಕೆ ಕೇಳಿದೆ: "ಸಾರ್, ನಮ್ಮಲ್ಲಿ ಮಂಜುನಾಥ ಅನ್ನೋರು ಎಷ್ಟು ಜನ ಇದಾರೆ?"

"ಗೊತ್ತಿಲ್ಲ. ಎಲ್ಲಾ ಶಾಪಲ್ಲೂ ಒಬ್ಬೊಬ್ಬ ಇದಾನೆ. ಯಾಕೆ?"

"ಮಿಲ್ಲಿಂಗ್ ಮಂಜುನಾಥ, ಪೇಂಟ್ ಶಾಪ್ ಮಂಜುನಾಥ ಅಂತ ಕರಿತೀವಿ. ಶಾಪ್ ಹೆಸರು ಬಿಟ್ಟು ಗೇಟಲ್ಲಿ ಬರೀ ಮಂಜುನಾಥ ಅಂತ ಕೂಗಿದ್ರೆ?"

"ಯಾವನೋ ಒಬ್ಬ ಬರ್ತಾನೆ."

"ಸ್ಕ್ರಿಪ್ಟು ಮಾಡಿದ್ದು ಅದನ್ನೇ."

ಪ್ರೋಗ್ರಾಮರ್ ಆಗ ಎದ್ದು ತಾವಾಗಿಯೇ ಕೀಬೋರ್ಡಿನ ಮುಂದೆ ಕೂತರು. ಶನಿವಾರದ ಎರಡು ಹಾದಿಗಳನ್ನು ಅದೇ ಕ್ರಮದಲ್ಲಿ ಹಳೆಯ ಸ್ಕ್ರಿಪ್ಟಿಗೆ ಕೊಟ್ಟರು. ಪಂಚ್ ಯಂತ್ರ ಕಟಕಟ ಎಂದು ಎರಡು ಟೇಪು ಉಗುಳಿತು. ನಾನು ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎಲ್ಲ ತೂತುಗಳಲ್ಲೂ ಬೆಳಕು ನೇರವಾಗಿ ತೂರಿ ಬಂತು. ಎರಡಕ್ಕೂ ಒಂದೇ ತೂತು. ಮ್ಯಾನೇಜರ್ ಟೇಪುಗಳನ್ನು ತಾವೇ ಹಿಡಿದು ನೋಡಿದರು. ಆಮೇಲೆ ಕೆಟ್ಟ ಯಂತ್ರದಿಂದ ತಂದ ಟೇಪನ್ನೂ ಮೇಲಿಟ್ಟು ನೋಡಿದರು.

"ಬರೆದದ್ದು ನಾನು ಸಾರ್," ಎಂದರು ಪ್ರೋಗ್ರಾಮರ್.

ಮ್ಯಾನೇಜರ್ ಆಪರೇಟರ್ ಕಡೆ ತಿರುಗಿದರು. "ಟೇಪ್ ತಪ್ಪು, ಒಪ್ಪಿದೆ. ನೀನು ಏರ್ ಕಟ್ ಯಾಕೆ ಮಾಡ್ಲಿಲ್ಲ? ಮಾಡಿದ್ರೆ ಅಲ್ಲೇ ಗೊತ್ತಾಗ್ತಿತ್ತು."

ಏರ್ ಕಟ್ ಎಂದರೆ ಹೊಸ ಟೇಪು ಹಾಕಿದಾಗ, ಕಟರನ್ನು ತುಂಡಿನಿಂದ ಮೇಲೆತ್ತಿ, ಗಾಳಿಯಲ್ಲಿ ಒಮ್ಮೆ ಪೂರ್ತಿ ಓಡಿಸಿ ನೋಡುವುದು. ಅದು ಶಾಪಿನ ನಿಯಮ. ನಿಯಮದ ಮಾತು ಬಂದಾಗ ನಾನು ಸಡಿಲ ಬಿಡುವವಳಲ್ಲ. ಆಪರೇಟರ್ ಏನೆನ್ನುತ್ತಾನೋ ಎಂದು ನಾನೂ ಕಾದೆ.

"ರಿಪೀಟ್ ಜಾಬ್‌ಗೆ ಏರ್ ಕಟ್ ಬೇಡ, ಟೈಮ್ ದಂಡ ಅಂತ ನೀವೇ ಏಳಿದ್ರಲ್ಲ ಸಾರ್. ಎಲ್ರನ್ನೂ ನಿಲ್ಸಿ ಏಳಿದ್ರಿ. ಇದು ರಿಪೀಟ್ ಜಾಬೇ."

ಹಿಂದೆ ಮಾಡಿದ ಕೆಲಸವೇ ಮತ್ತೆ ಬಂದರೆ ಏರ್ ಕಟ್ ಬೇಡ ಎಂದು ಹೇಳಿದ್ದು ನಿಜ, ಶಾಪಿಗೆಲ್ಲ ಗೊತ್ತಿತ್ತು. ಬರಹದಲ್ಲಿ ಮಾತ್ರ ಎಲ್ಲಿಯೂ ಇರಲಿಲ್ಲ. ಮ್ಯಾನೇಜರ್ ಎದ್ದು ಹೋದರು. ಹೋಗುವಾಗ ನನಗೆ, "ಸಂಜೆಯೊಳಗೆ ಸ್ಕ್ರಿಪ್ಟ್ ಸರಿ ಆಗ್ಬೇಕು. ೨೦೪೧೭ ಇವತ್ತೇ ಮತ್ತೆ ಹಚ್ಬೇಕು, ಪಕ್ಕದ ಮಿಷನ್‌ನಲ್ಲಿ," ಎಂದರು.

ಸರಿಪಡಿಸುವುದು ಸುಲಭ ಎಂದುಕೊಂಡೆವು. ಹೆಸರಿನ ಮುಂದೆ ವಿಭಾಗದ ಹೆಸರು ಸೇರಿಸಿ ನಕಲು ಮಾಡಿದರಾಯಿತು ಎಂದರು ಪ್ರೋಗ್ರಾಮರ್. ಬರೆದು ನಡೆಸಿದರು. ಎರಡು ಟೇಪೂ ಬೇರೆ ಬೇರೆಯಾಗಿ ಬಂದವು. ಅವರ ಮುಖ ಅರಳಿತು. ನಾನು ಉದ್ದ ನಂಬರಿನ ಫೈಲುಗಳನ್ನೂ ಕೊಟ್ಟು ನೋಡಿ ಎಂದೆ. ಕೆಲವು ಡ್ರಾಯಿಂಗುಗಳಿಗೆ ನಂಬರಿನ ಹಿಂದೆ ಹಾಳೆಯ ಸಂಖ್ಯೆಯೂ ತಿದ್ದುಪಡಿಯ ಅಕ್ಷರವೂ ಇರುತ್ತಿದ್ದವು. ಕೊಟ್ಟೆವು. ನಾಲ್ಕು ಫೈಲು ಕೊಟ್ಟರೆ 'ರವಾನೆ'ಯಲ್ಲಿ ಎರಡೇ ಇದ್ದವು.

ಆ ಯಂತ್ರದಲ್ಲಿ ಫೈಲಿನ ಹೆಸರು ಹದಿನಾಲ್ಕು ಅಕ್ಷರ ಮೀರುವಂತಿರಲಿಲ್ಲ. ಮೀರಿದರೆ ಒಂದು ಮಾತೂ ಹೇಳದೆ ಬಾಲ ಕತ್ತರಿಸುತ್ತಿತ್ತು. ವಿಭಾಗದ ಹೆಸರು ಮುಂದೆ ಬಂದು ಕೂತ ಕಾರಣ, ಹಿಂದಿದ್ದ ತಿದ್ದುಪಡಿಯ ಅಕ್ಷರ ಕತ್ತರಿಸಿ ಹೋಗಿ, ಹಳೆಯ ಪ್ರೋಗ್ರಾಮೂ ಹೊಸದೂ ಮತ್ತೆ ಒಂದೇ ಹೆಸರಾಗಿದ್ದವು. ಶನಿವಾರದ ತಪ್ಪೇ, ಬೇರೆ ಬಾಗಿಲಿನಿಂದ.

ಪ್ರೋಗ್ರಾಮರ್ ತಲೆ ಹಿಡಿದುಕೊಂಡರು. "ನನ್ ಕೈಲಿ ಇವತ್ತು ಆಗಲ್ಲ ಮೇಡಂ."

"ಕಾಫಿ ಕುಡೀರಿ. ಆಮೇಲೆ ಹೇಳಿ, ನಕಲು ಯಾಕೆ ಬೇಕು?"

"ಪಂಚ್ ಪ್ರೋಗ್ರಾಮ್‌ಗೆ ಬರೀ ಹೆಸರೇ ಕೊಡ್ಬೇಕಲ್ಲ."

"ಬರೀ ಹೆಸರು ಕೊಡೋದಕ್ಕೆ ಫೈಲು ಇಲ್ಲಿಗೆ ಬರ್ಬೇಕಾ? ನಾವೇ ಅಲ್ಲಿಗೆ ಹೋದ್ರೆ?"

ಅವರು ಕಾಫಿ ಲೋಟ ಅರ್ಧಕ್ಕೇ ಇಟ್ಟರು. ಹಾದಿಯಿಂದ ಹೆಸರನ್ನು ಬಿಡಿಸುವ ಆಜ್ಞೆ ಇರುವಂತೆ, ಹೆಸರು ಬಿಟ್ಟು ಹಾದಿಯನ್ನು ಮಾತ್ರ ಉಳಿಸುವ 'ಡಿರ್‌ನೇಮ್' ಎಂಬ ಇನ್ನೊಂದು ಆಜ್ಞೆಯೂ ಇತ್ತು. ಇಷ್ಟು ದಿನ ಆ ಅರ್ಧವನ್ನು ನಾವು ಬಿಸಾಡಿದ್ದೆವು. ಈಗ ಎರಡನ್ನೂ ಇಟ್ಟುಕೊಂಡೆವು. ಮೊದಲು ಆ ಹಾದಿಯ ಡೈರೆಕ್ಟರಿಯೊಳಕ್ಕೆ ಹೋಗುವುದು, ಅಲ್ಲಿಯೇ ನಿಂತು ಬರಿಯ ಹೆಸರು ಕೊಟ್ಟು ಪಂಚ್ ಮಾಡಿಸುವುದು, ಆಮೇಲೆ ಮುಂದಿನದಕ್ಕೆ ಹೋಗುವುದು. ನಕಲೂ ಬೇಡ, 'ರವಾನೆ'ಯೂ ಬೇಡ. ಉದ್ದ ನಂಬರು, ಗಿಡ್ಡ ನಂಬರು, ಜೋಡಿ ನಂಬರು ಎಲ್ಲವನ್ನೂ ಕೊಟ್ಟು, ಬಂದ ಪ್ರತಿ ಟೇಪನ್ನೂ ಮತ್ತೆ ಓದಿಸಿ ತಾಳೆ ನೋಡಿದೆವು. ಎಲ್ಲವೂ ಸರಿಯಾಗಿದ್ದವು.

೨೦೪೧೭ರ ಎರಡು ಟೇಪುಗಳಿಗೆ ಚೀಟಿ ಅಂಟಿಸಿ, ಬೀರುವಿನಿಂದ ಹಳೆಯ ಬಣ್ಣದ ಕಾಗದ ತೆಗೆದೆ.

"ಇನ್ನು ಬಣ್ಣ ಯಾಕೆ ಮೇಡಂ? ಸ್ಕ್ರಿಪ್ಟ್ ಸರಿ ಆಯ್ತಲ್ಲ."

"ಮಿಷನ್ ಹತ್ರ ನಿಂತೋರಿಗೆ ನಮ್ಮ ಸ್ಕ್ರಿಪ್ಟ್ ಕಾಣಲ್ಲ ಕಣ್ರೀ."

ಮೂರು ಗಂಟೆಗೆ ಸಹಿ ಆಗಲಿಲ್ಲ. ನಾಲ್ಕೂವರೆಗೆ ಆಪರೇಟರ್ ಒಂದು ಕಾಗದ ಹಿಡಿದು ಬಂದ. ಕೆಲಸದಿಂದ ತೆಗೆದಿರಲಿಲ್ಲ. ಪ್ರೊಬೇಷನ್ ಇನ್ನೂ ಆರು ತಿಂಗಳು ಮುಂದುವರಿಸಿದ್ದರು. ಕಾರಣ, ಯಂತ್ರ ನಡೆಸುವಲ್ಲಿ ಎಚ್ಚರಿಕೆಯ ಕೊರತೆ. ಟೇಪಿನ ಮಾತಾಗಲಿ ಸ್ಕ್ರಿಪ್ಟಿನ ಮಾತಾಗಲಿ ಅದರಲ್ಲಿ ಇರಲಿಲ್ಲ.

"ನನ್ ಜೊತೆ ಸೇರ್ದೋರೆಲ್ಲ ಈ ತಿಂಗ್ಳು ಪರ್ಮನೆಂಟ್ ಆಗ್ತಾರೆ ಮೇಡಂ," ಎಂದ. "ನಾನು ಅವರಿಂದ ಕೆಳಗೆ ಓದೆ."

ನಾನು ಮ್ಯಾನೇಜರ್ ಬಳಿ ಹೋದೆ. ಆದದ್ದನ್ನೆಲ್ಲ ಬರಹದಲ್ಲಿ ಕೊಡುತ್ತೇನೆ, ಈ ಕಾಗದ ಬದಲಿಸಿ ಎಂದೆ. "ಉಳಿಸಿದೀನಲ್ಲ ಮೇಡಂ, ಅಷ್ಟಕ್ಕೆ ಬಿಡಿ," ಎಂದರು. "ನೀವು ಶಾಪ್ ನಿಲ್ಸಿದ್ದನ್ನೂ ನಾನು ಮೇಲೆ ಹೇಳಿಲ್ಲ." ನಾನು ಆದರೂ ಬರೆದು, ಸಹಿ ಹಾಕಿ ಅವರ ಮೇಜಿನ ಮೇಲಿಟ್ಟು ಬಂದೆ. ಪ್ರೋಗ್ರಾಮರ್ ಕೂಡ ಕೆಳಗೆ ಸಹಿ ಹಾಕಿದ್ದರು. ಅದರಿಂದ ಏನೂ ಬದಲಾಗಲಿಲ್ಲ. ಪ್ರೋಗ್ರಾಮರಿಗೆ ಒಂದು ಬೈಗುಳವೂ ಬೀಳಲಿಲ್ಲ. ಹಾದಿ ಕಳಚಿದವರು ನಮ್ಮ ಕೋಣೆಯವರು, ಆರು ತಿಂಗಳು ಕಳೆದುಕೊಂಡವನು ಅವನು. ಇದು ಅಂದೂ ನನಗೆ ಸರಿ ಕಾಣಲಿಲ್ಲ, ಇಂದೂ ಇಲ್ಲ.

ಐದು ದಾಟಿದ ಮೇಲೆ ಪಕ್ಕದ ಮಿಲ್ಲಿಂಗ್ ಯಂತ್ರದ ಬಳಿ ಆತನೇ ನಿಂತ. ಹಸಿರು ತುದಿಯ ಟೇಪನ್ನು ನಾನು ಕೈಗೆ ಕೊಟ್ಟೆ. ಆತ ಚೀಟಿ ಓದಿ, ಬಣ್ಣ ನೋಡಿ, ರೀಡರಿಗೆ ತೂರಿಸಿದ. ಇದು ರಿಪೀಟ್ ಜಾಬೇ ಆಗಿತ್ತು. ತುಸು ದೂರದಲ್ಲಿ ಮ್ಯಾನೇಜರ್ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಆತ ಅವರ ಕಡೆ ಒಮ್ಮೆ ನೋಡಿ, ಕಟರನ್ನು ತುಂಡಿನಿಂದ ಒಂದು ಗೇಣು ಮೇಲೆತ್ತಿದ. ಯಾರೂ ಬೇಡ ಎನ್ನಲಿಲ್ಲ.

ಕಟರ್ ಗಾಳಿಯಲ್ಲಿ ತಿರುಗುತ್ತ ಎಡದಿಂದ ಬಲಕ್ಕೆ ಹೋಯಿತು, ಬಲದಿಂದ ಎಡಕ್ಕೆ ಬಂತು. ಎಲ್ಲಿಯೂ ಕೆಳಗಿಳಿಯಲಿಲ್ಲ. ಅಕ್ಕಪಕ್ಕದ ಆಪರೇಟರುಗಳು ತಮ್ಮ ಯಂತ್ರ ಬಿಟ್ಟು ಬಂದು ನೋಡುತ್ತಿದ್ದರು. ಟೇಪು ಕೊನೆ ಮುಟ್ಟಿ ನಿಂತಿತು.

"ಇಳಿಸ್ಲಾ ಮೇಡಂ?"

"ಇಳಿಸಪ್ಪ."

ಕಟರ್ ಎರಕವನ್ನು ಮುಟ್ಟಿ ಹೆರೆಯುವ ಸದ್ದು ಸಮನಾಗುವವರೆಗೆ ನಿಂತಿದ್ದೆ. ಆಮೇಲೆ ಕೋಣೆಗೆ ಹಿಂದಿರುಗಿ, ಯಂತ್ರದಲ್ಲಿದ್ದ 'ರವಾನೆ' ಡೈರೆಕ್ಟರಿಯನ್ನು ಅಳಿಸಿ, ದೀಪ ಆರಿಸಿ ಬೀಗ ಹಾಕಿದೆ.